ಮುಂಬೈಯಲ್ಲಿ ಕೇಳಿದ ಹಾಡು, ಸಿ.ಡಿ.ಯಲ್ಲಿರುವ ಹಾಡು: ಎರಡೂ ಒಂದೇನಾ?

ಪ್ರಶ್ನೆ: ಸರ್, ನಮ್ಮೂರು ಹುಬ್ಬಳ್ಳಿ, ಕೆಲಸ ಪುಣೆಯಲ್ಲಿ. 2008ರ ಫೆಬ್ರವರಿ 1ರಂದು ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಮೈದಾನದಲ್ಲಿ ಐರನ್ ಮೇಡನ್ ಅನ್ನುವ ಇಂಗ್ಲೆಂಡಿನ ಮೆಟಲ್ ಬ್ಯಾಂಡಿನ ಶೋ ನೋಡಿದ್ದೆ. ಆ ಟೂರ್ ಮೇಲೆ ‘ಫ್ಲೈಟ್ 666’ ಸಿನಿಮಾ ಬಂದಾಗ ಅದರ ಸೌಂಡ್‌ಟ್ರ್ಯಾಕ್ ಆಲ್ಬಮ್ ಕೂಡ ತಗೊಂಡೆ, ಎರಡು ಸಿ.ಡಿ. ಮೊದಲ ಹಾಡು ‘ಏಸಸ್ ಹೈ’ ನಾನಿದ್ದ ಶೋನದ್ದೇ. ಇಷ್ಟು ವರ್ಷ ಎಲ್ಲರಿಗೂ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದೀನಿ. ಮೊನ್ನೆ ಮನೆ ಬದಲಾಯಿಸುವಾಗ ಹಳೆ ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡ್ ಸಿಕ್ಕಿತು. ಅದರಲ್ಲಿ ಅದೇ ಹಾಡಿನ ಎರಡು ನಿಮಿಷದ ವಿಡಿಯೋ ಇದೆ. ಸಿ.ಡಿ. ಜೊತೆ ಹೋಲಿಸಿ ಕೇಳಿದೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸಿತು. ಕ್ಯಾಮೆರಾದಲ್ಲಿ ಬರೀ ಗದ್ದಲ, ಹಾಡುಗಾರನ ದನಿ ಎಲ್ಲೋ ದೂರದಲ್ಲಿದೆ. ಸಿ.ಡಿ.ಯಲ್ಲಿ ಒಂದೊಂದು ಗಿಟಾರೂ ಬೇರೆ ಬೇರೆ ಕೇಳುತ್ತದೆ. ಆಫೀಸಿನ ಗೆಳೆಯನೊಬ್ಬ “ಲೈವ್ ಆಲ್ಬಮ್ ಅನ್ನೋದೆಲ್ಲ ಸುಳ್ಳು, ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಮೇಲೆ ಜನರ ಕೂಗು ಸೇರಿಸ್ತಾರೆ” ಅಂದ. ಹದಿನಾರು ಹಾಡು ಹದಿನಾರು ಊರಿನದ್ದು ಅಂತಾರೆ, ಆದರೂ ಕೇಳಿದರೆ ಒಂದೇ ರಾತ್ರಿಯ ಶೋ ಹಾಗಿದೆ. ಇದು ಹೇಗೆ ಸಾಧ್ಯ? ನಾನು ಮೋಸ ಹೋದೆನಾ? ಈಗ ಇದರ ಎಲ್‌.ಪಿ. (ಗ್ರಾಮಫೋನ್ ತಟ್ಟೆ) ತಗೊಳ್ಳೋಣ ಅಂತಿದ್ದೆ. ತಗೊಳ್ಳಲಾ, ಬಿಡಲಾ? ಇನ್ನೊಂದು ವಿಷಯ, ಮೊಬೈಲಿನಲ್ಲಿ ಕೇಳುವಾಗ ಹಾಡು ಮುಗಿದ ಕಡೆ ಜನರ ಕೂಗು ಟಕ್ ಅಂತ ಕತ್ತರಿಸಿ ಹೋಗುತ್ತದೆ. ಅದೂ ಆಲ್ಬಮ್‌ನ ದೋಷವಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಸೌಂಡ್ ಇಂಜಿನಿಯರ್ ಆಗಿ ಇಷ್ಟು ವರ್ಷ ಲೈವ್ ಶೋಗಳ ರೆಕಾರ್ಡಿಂಗ್, ಮಿಕ್ಸಿಂಗ್ (ಬೇರೆ ಬೇರೆ ಮೈಕಿನ ದನಿಯನ್ನು ಹದವಾಗಿ ಬೆರೆಸುವುದು) ಮಾಡಿಕೊಂಡು ಬಂದಿದ್ದೇನೆ. ಒಂದೇ ಹಾಡನ್ನು ಒಂದೇ ಕ್ಷಣದಲ್ಲಿ ಎರಡು ಜಾಗದಿಂದ ಹಿಡಿದಿಟ್ಟ ದನಿ, ಅದೂ ಕೇಳುಗನೊಬ್ಬನ ಕೈಯಲ್ಲಿ, ಸಿಗುವುದು ಅಪರೂಪ. ನಿಮ್ಮ ಗೆಳೆಯರ ಮಾತು ನಂಬಬೇಡಿ, ನನ್ನ ಮಾತನ್ನೂ ಸುಮ್ನೆ ನಂಬಬೇಡಿ. ಸಾಕ್ಷಿ ನಿಮ್ಮ ಮೆಮೊರಿ ಕಾರ್ಡಿನಲ್ಲೇ ಇದೆ. ಅದನ್ನು ಹೇಗೆ ಪರೀಕ್ಷೆ ಮಾಡಬೇಕು ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಗೆಳೆಯರ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. 1979ರಲ್ಲಿ ಜೂಡಸ್ ಪ್ರೀಸ್ಟ್ ಬ್ಯಾಂಡಿನ ‘ಅನ್‌ಲೀಷ್ಡ್ ಇನ್ ದಿ ಈಸ್ಟ್’ ಬಂತು, ಟೋಕಿಯೊದಲ್ಲಿ ನುಡಿಸಿದ ಲೈವ್ ಆಲ್ಬಮ್. ಆ ಶೋಗಳಲ್ಲಿ ಹಾಡುಗಾರ ರಾಬ್ ಹ್ಯಾಲ್ಫರ್ಡ್ ಅವರ ಗಂಟಲು ಸರಿ ಇರಲಿಲ್ಲ. ಹಾಡಿನ ಭಾಗಗಳನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿದ್ದನ್ನು ಆಮೇಲೆ ಅವರೇ ಒಪ್ಪಿಕೊಂಡರು. ಲೆಡ್ ಝೆಪ್ಲಿನ್ ಬ್ಯಾಂಡು 1973ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾಡಿದ ಶೋಗಳ ಸಿನಿಮಾದ ಕತೆ ಇನ್ನೂ ಮಜವಾಗಿದೆ. ಚಿತ್ರೀಕರಣದಲ್ಲಿ ನಡುನಡುವೆ ದೃಶ್ಯಗಳೇ ತಪ್ಪಿಹೋಗಿದ್ದವು. ಮರುವರ್ಷ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೋದಲ್ಲಿ ಅದೇ ಬಟ್ಟೆ ಹಾಕಿಕೊಂಡು, ಧ್ವನಿಗೆ ತಕ್ಕಂತೆ ನಟಿಸಿ ತುಂಬಿಸಿದರು. ಅಷ್ಟರಲ್ಲಿ ಬಾಸ್ ಗಿಟಾರ್ ನುಡಿಸುವ ಜಾನ್ ಪಾಲ್ ಜೋನ್ಸ್ ಕೂದಲು ಕತ್ತರಿಸಿಕೊಂಡಿದ್ದರು, ವಿಗ್ ಹಾಕಬೇಕಾಯಿತು! ಅಲ್ಲಿ ದನಿ ಶೋನದ್ದು, ಚಿತ್ರ ಸ್ಟುಡಿಯೋದ್ದು. ಜೂಡಸ್ ಪ್ರೀಸ್ಟ್ ಆಲ್ಬಮ್‌ನಲ್ಲಿ ಆದದ್ದು ಬೇರೆ ಥರ. ಹಾಗಾಗಿ ‘ಲೈವ್’ ಅಂತ ಮುದ್ರಿಸಿದ ಮಾತ್ರಕ್ಕೆ ಎಲ್ಲವೂ ಒಂದೇ ಅರ್ಥದಲ್ಲಿ ಲೈವ್ ಆಗಿರುವುದಿಲ್ಲ. ಇಷ್ಟು ಮಾತ್ರ ನಿಜ. ಇದರಿಂದ ‘ಎಲ್ಲ ಲೈವ್ ಆಲ್ಬಮ್ಮೂ ಸುಳ್ಳು’ ಅಂತ ಹಾರುವುದು ತಪ್ಪು.

ನಿಮ್ಮ ಎರಡು ರೆಕಾರ್ಡಿಂಗ್ ಯಾಕೆ ಇಷ್ಟು ಬೇರೆ ಕೇಳುತ್ತವೆ ಅನ್ನುವುದಕ್ಕೆ ಮೋಸದ ಕಾರಣವೇ ಬೇಕಿಲ್ಲ. ನೀವು ನಿಂತ ಜಾಗ ಸಾಕು.

ವೇದಿಕೆ ಮೇಲೆ ಗಿಟಾರ್ ಸ್ಪೀಕರಿನ ಬಟ್ಟೆಗೆ ಎರಡು ಬೆರಳಿನಷ್ಟು ದೂರದಲ್ಲಿ ಒಂದು ಮೈಕ್ ಇರುತ್ತದೆ. ‘ಚಟ್’ ಅಂತ ಕೇಳುವ ಸ್ನೇರ್ ಡ್ರಮ್ಮಿನ ಅಂಚಿಗೆ ಬಗ್ಗಿ ಕೂತ ಹಾಗೆ ಇನ್ನೊಂದು. ಹಾಡುಗಾರನ ಮೈಕ್ ಅಂತೂ ತುಟಿಗೇ ತಾಗುತ್ತಿರುತ್ತದೆ. ಈ ಪ್ರತಿಯೊಂದು ಮೈಕಿನ ತಂತಿ ವೇದಿಕೆಯ ಪಕ್ಕದ ಒಂದು ಪೆಟ್ಟಿಗೆಗೆ ಬಂದು ಅಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮೈದಾನದ ದೊಡ್ಡ ಸ್ಪೀಕರುಗಳಿಗೆ, ಒಂದು ಬ್ಯಾಂಡಿನವರು ತಮ್ಮನ್ನು ತಾವೇ ಕೇಳಿಕೊಳ್ಳುವ ಮಾನಿಟರಿಗೆ, ಮತ್ತೊಂದು ನೇರ ರೆಕಾರ್ಡರಿಗೆ. ರೆಕಾರ್ಡರಿನಲ್ಲಿ ಪ್ರತಿ ಮೈಕಿಗೂ ಬೇರೆ ಟ್ರ್ಯಾಕ್. ಅಂದರೆ ಸಿ.ಡಿ.ಗೆ ಹೋದ ಗಿಟಾರು ಮೈದಾನದ ಸ್ಪೀಕರಿಗೆ ಹೋಗಿಯೇ ಇಲ್ಲ. ಗಾಳಿಯಲ್ಲಿ ತೇಲಿ ಬಂದಿಲ್ಲ, ಯಾರ ತಲೆಗೂ ಬಡಿದಿಲ್ಲ. ಸ್ಪೀಕರಿನ ಬಾಯಿಂದ ಎರಡು ಬೆರಳು ದಾಟಿ ನೇರ ಟ್ರ್ಯಾಕಿಗೆ ಇಳಿದಿದೆ.

ನಿಮ್ಮ ಕ್ಯಾಮೆರಾಕ್ಕೆ ಬಂದ ದನಿಯ ದಾರಿಯೇ ಬೇರೆ. ನೀವು ವೇದಿಕೆಯಿಂದ ಒಂದು 60 ಮೀಟರ್ ಹಿಂದೆ ಇದ್ದಿರಿ ಅಂದುಕೊಳ್ಳಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಲ್ಲಿ ಬಾರಿಸಿದ್ದು ನಿಮ್ಮನ್ನು ಮುಟ್ಟುವಷ್ಟರಲ್ಲಿ ಸೆಕೆಂಡಿನ ಆರನೇ ಒಂದು ಭಾಗ ಕಳೆದಿರುತ್ತದೆ. ಕೆರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀರಲ್ವಾ? ಬಟ್ಟೆ ಕಲ್ಲಿಗೆ ಬಡಿದು, ಕೈ ಮತ್ತೆ ಮೇಲೆ ಎದ್ದಾಗ ‘ಧಪ್’ ಅಂತ ಕೇಳುತ್ತದೆ. ಅದೇ ಲೆಕ್ಕ. ಎಡಗಡೆಯ ಸ್ಪೀಕರು, ಬಲಗಡೆಯ ಸ್ಪೀಕರು, ಹಿಂದಿನ ಗೋಡೆಗೆ ಬಡಿದು ವಾಪಸ್ ಬಂದದ್ದು, ಎಲ್ಲವೂ ಬೇರೆ ಬೇರೆ ಹೊತ್ತಿಗೆ ಬಂದು ಕಲಸಿಕೊಂಡಿರುತ್ತವೆ. ನಿಮ್ಮ ಪಕ್ಕದವರು ಕಿವಿಯ ಹತ್ತಿರವೇ ಕೂಗುತ್ತಿದ್ದರು. ವೇದಿಕೆಗಿಂತ ಅವರೇ ಕ್ಯಾಮೆರಾಕ್ಕೆ ಹತ್ತಿರ.

ಆ ಕಾಲದ ಪುಟ್ಟ ಕ್ಯಾಮೆರಾಗಳ ಸಂಗತಿ ಬೇರೆ ಇದೆ. ಸಿ.ಡಿ.ಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಅಂಥ ಎಷ್ಟೋ ಕ್ಯಾಮೆರಾಗಳು ಸೆಕೆಂಡಿಗೆ 8,000 ಅಥವಾ 11,000 ಸಲ ಮಾತ್ರ ಅಳೆಯುತ್ತಿದ್ದವು, ಅದೂ ಒಂದೇ ಪುಟ್ಟ ಮೈಕಿನಿಂದ. ಅಳತೆಯ ಅರ್ಧಕ್ಕಿಂತ ಮೇಲಿನ ಕಂಪನಗಳು ಅದರಲ್ಲಿ ಉಳಿಯುವುದೇ ಇಲ್ಲ. ಅಂದರೆ 8,000ದ ಕ್ಯಾಮೆರಾದಲ್ಲಿ 4,000 ಹರ್ಟ್ಸ್‌ನಿಂದ ಮೇಲಿನದೆಲ್ಲ ಖಾಲಿ. ಸಿಂಬಲ್ಲಿನ (ಡ್ರಮ್ಮಿನ ಜೊತೆ ಬಾರಿಸುವ ಲೋಹದ ತಟ್ಟೆ) ಹೊಳಪು, ಗಿಟಾರಿನ ಕಡ್ಡಿಯ ಗೀರು, ಹಾಡುಗಾರನ ‘ಸ’ ‘ಶ’ ಅಕ್ಷರಗಳ ಮೊನೆ ಜಾಸ್ತಿ ಇರುವುದು ಅಲ್ಲೇ. ಇದರ ಜೊತೆಗೆ, ಜೋರು ಶಬ್ದ ಬಂದಾಗ ಕ್ಯಾಮೆರಾ ತಾನಾಗಿಯೇ ಮಟ್ಟ ತಗ್ಗಿಸುತ್ತದೆ. ಪಕ್ಕದವರು ‘ಹೋ’ ಅಂದ ತಕ್ಷಣ ಹಾಡುಗಾರ ದೂರ ಹೋದ ಹಾಗೆ ಆಗುವುದು ಇದರಿಂದಲೇ. ನಿಮ್ಮ ಕಿವಿ ಆವತ್ತು ಇದಕ್ಕಿಂತ ಎಷ್ಟೋ ಚೆನ್ನಾಗಿ ಕೇಳಿತ್ತು.

ಈಗ ಹದಿನಾರು ಊರಿನ ಪ್ರಶ್ನೆ. ಈ ಆಲ್ಬಮ್‌ನಲ್ಲಿ ನನಗೆ ತುಂಬಾ ಹಿಡಿಸಿದ ಕೆಲಸ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಊರುಗಳ ಪಟ್ಟಿ ನೋಡಿ: ಮುಂಬೈಯಿಂದ ಹೊರಟು ಮೆಲ್ಬರ್ನ್, ಸಿಡ್ನಿ, ಟೋಕಿಯೊ, ಮಾಂಟೆರೆ, ಲಾಸ್ ಏಂಜಲಿಸ್, ಮೆಕ್ಸಿಕೊ ಸಿಟಿ, ನ್ಯೂಜೆರ್ಸಿ. ಎರಡನೇ ಸಿ.ಡಿ.ಯಲ್ಲಿ ಕೋಸ್ಟರಿಕಾದ ಸ್ಯಾನ್ ಹೋಸೆ, ಸಾವೊ ಪಾಲೊ, ಬೊಗೊಟಾ, ಬ್ಯೂನಸ್ ಐರಿಸ್, ಸ್ಯಾಂಟಿಯಾಗೊ, ಪೋರ್ಟೊರಿಕೊದ ಸ್ಯಾನ್ ಹ್ವಾನ್, ಕುರಿಚೀಬಾ, ಕೊನೆಗೆ ಟೊರಾಂಟೊ. ಹಾಡಿಗೊಂದು ಊರು. ಆದರೆ ಹಾಡುಗಳು ಬರುವ ಕ್ರಮ ನೋಡಿ. ಹೆಚ್ಚುಕಡಿಮೆ ನೀವು ಮುಂಬೈಯಲ್ಲಿ ಕೇಳಿದ ಕ್ರಮವೇ! ಶುರುವಿನಲ್ಲಿ ಕೇಳಿಸುವ ಚರ್ಚಿಲ್ ಭಾಷಣ, ‘ಏಸಸ್ ಹೈ’, ಆಮೇಲೆ ‘ಟು ಮಿನಿಟ್ಸ್ ಟು ಮಿಡ್‌ನೈಟ್’... ಕೊನೆಗೆ ‘ಹ್ಯಾಲೋಡ್ ಬಿ ದೈ ನೇಮ್’. ಆ ಟೂರಿನಲ್ಲಿ ಅವರು ನುಡಿಸುತ್ತಿದ್ದ ಪಟ್ಟಿಯನ್ನು ಮುರಿಯದೆ ಊರನ್ನು ಮಾತ್ರ ಬದಲಾಯಿಸುತ್ತಾ ಹೋಗಿದ್ದಾರೆ. ಒಂದೇ ರಾತ್ರಿಯ ಶೋ ಅಂತ ನಿಮಗೆ ಅನಿಸಿದ್ದಕ್ಕೆ ಮೊದಲ ಕಾರಣ ಇದು. ಹಾಡುಗಳ ಏರಿಳಿತ ಒಂದು ರಾತ್ರಿಯದೇ.

ಎರಡನೇ ಕಾರಣ ವಿಮಾನ. ಎಡ್ ಫೋರ್ಸ್ ಒನ್ ಅಂತ ಹೆಸರಿಟ್ಟ ಬೋಯಿಂಗ್ 757. ಹಾಡುಗಾರ ಬ್ರೂಸ್ ಡಿಕಿನ್ಸನ್ ಅವರೇ ಪೈಲಟ್. 45 ದಿನದಲ್ಲಿ 23 ಶೋ ಮಾಡಲು ಆದದ್ದು ಬ್ಯಾಂಡು, ಕೆಲಸಗಾರರು, ವಾದ್ಯ, ವೇದಿಕೆಯ ಸಾಮಾನು ಎಲ್ಲ ಒಂದೇ ವಿಮಾನದಲ್ಲಿ ಹೋದದ್ದರಿಂದ. ಜನ ಇದನ್ನು ಸಿನಿಮಾದ ಮೋಜಿನ ಸಂಗತಿ ಅಂತ ನೋಡುತ್ತಾರೆ. ನನಗೆ ಅದು ಶಬ್ದದ ಸಂಗತಿ. ಊರೂರಿಗೆ ಬಾಡಿಗೆ ವಾದ್ಯ ಹಿಡಿದಿದ್ದರೆ ಒಂದೊಂದು ಊರಿನ ಡ್ರಮ್ಮು, ಗಿಟಾರಿನ ಆಂಪ್ಲಿಫೈಯರು ಒಂದೊಂದು ಥರ ಕೇಳುತ್ತಿದ್ದವು. ಇಲ್ಲಿ ತಮ್ಮದೇ ವಾದ್ಯ ಜೊತೆಗೆ ಬಂದಿದೆ. ಮುಂಬೈಯಲ್ಲಿ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಕೂತ ಡ್ರಮ್ಮಿನ ಮುಂದೆಯೇ ಟೊರಾಂಟೊದಲ್ಲೂ ಕೂತಿದ್ದಾರೆ. ಮೈಕು ವಾದ್ಯಕ್ಕೆ ಅಷ್ಟು ಹತ್ತಿರ ಇದ್ದಾಗ ಆ ಊರಿನ ಮೈದಾನವೋ ಒಳಾಂಗಣವೋ ಟ್ರ್ಯಾಕಿನೊಳಗೆ ನುಗ್ಗುವುದು ಕಮ್ಮಿ.

ಮೂರನೆಯದು ಒಂದೇ ಕೈ. ಎಲ್ಲ ಹಾಡನ್ನೂ ಮಿಕ್ಸ್ ಮಾಡಿದವರು ಕೆವಿನ್ ಶರ್ಲಿ. ಬ್ಯಾಂಡು 2001ರ ಜನವರಿಯಲ್ಲಿ ರಿಯೊದಲ್ಲಿ ಮಾಡಿದ ಶೋನ ಆಲ್ಬಮ್ ಕೂಡ ಅವರದೇ ಕೆಲಸ. ಮೇಲೆ ಹೇಳಿದ ಲೆಡ್ ಝೆಪ್ಲಿನ್ ಸಿನಿಮಾದ ಸೌಂಡ್‌ಟ್ರ್ಯಾಕನ್ನು 2007ರಲ್ಲಿ ಹೊಸದಾಗಿ ಮಿಕ್ಸ್ ಮಾಡಿದವರೂ ಇವರೇ. ಇಂಥವರು ಮುಂಬೈ ಟ್ರ್ಯಾಕಿನಲ್ಲಿ ಸ್ನೇರ್ ಹೇಗಿರಬೇಕು ಅಂತ ಒಮ್ಮೆ ನಿರ್ಧರಿಸಿದರೆ ಸಿಡ್ನಿಯ ಸ್ನೇರನ್ನೂ ಅದರ ಪಕ್ಕ ಇಟ್ಟು ಹೊಂದಿಸುತ್ತಾರೆ.

ಹಾಗಾದರೆ ಊರು ಎಲ್ಲಿ ಉಳಿಯಿತು? ಜನರ ಕೂಗಿನಲ್ಲಿ. ಲೈವ್ ರೆಕಾರ್ಡಿಂಗ್‌ನಲ್ಲಿ ವೇದಿಕೆಯ ಎರಡು ಅಂಚಿನಲ್ಲಿ ಜನರ ಕಡೆ ಮುಖ ಮಾಡಿದ ಮೈಕುಗಳಿರುತ್ತವೆ. ಮೈದಾನದ ಮಧ್ಯದಲ್ಲಿ ಶಬ್ದ ನಿಯಂತ್ರಿಸುವ ಟೆಂಟಿನ ಹತ್ತಿರವೂ ಹಾಕುತ್ತಾರೆ. ಅದರಲ್ಲಿ ಬರುವ ದನಿ ಹೆಚ್ಚುಕಡಿಮೆ ನಿಮ್ಮ ಕ್ಯಾಮೆರಾದ ಹಾಗೇ ಇರುತ್ತದೆ, ಮೈಕ್ ಮಾತ್ರ ಒಳ್ಳೆಯದು. ಈ ಟ್ರ್ಯಾಕನ್ನು ಎಷ್ಟು ಏರಿಸಬೇಕು ಅನ್ನುವುದೇ ಲೈವ್ ಮಿಕ್ಸಿನ ಅತಿ ಕಷ್ಟದ ತೀರ್ಮಾನ. ಜಾಸ್ತಿ ಏರಿಸಿದರೆ ಎಲ್ಲ ಕಲಸುಮೇಲೋಗರ. ತೀರಾ ಇಳಿಸಿದರೆ ಸ್ಟುಡಿಯೋ ಹಾಡಿನ ಹಾಗೆ ಒಣಗಿಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಬ್ಯೂನಸ್ ಐರಿಸ್‌ನ ‘ಫಿಯರ್ ಆಫ್ ದಿ ಡಾರ್ಕ್’ ಕೇಳಿ, ಆಮೇಲೆ ಟೋಕಿಯೊದ ‘ದಿ ಟ್ರೂಪರ್’ ಕೇಳಿ. ಬ್ಯಾಂಡನ್ನು ಬಿಟ್ಟು ಜನರನ್ನು ಮಾತ್ರ ಕೇಳಿಸಿಕೊಳ್ಳಿ.

ಈಗ ರಿಪೇರಿಯ ಮಾತು. ಇದನ್ನು ಮುಚ್ಚಿಡದೆ ಹೇಳಬೇಕು. ಕೆಲವು ವರ್ಷದ ಹಿಂದೆ ಒಂದು ಕಾಲೇಜು ಫೆಸ್ಟಿನಲ್ಲಿ ಮೆಟಲ್ ಬ್ಯಾಂಡೊಂದರ ಶೋ ರೆಕಾರ್ಡ್ ಮಾಡುತ್ತಿದ್ದೆ. ಮೂರನೇ ಹಾಡಿನ ಮಧ್ಯೆ ಯಾರದೋ ಕಾಲು ಸಿಕ್ಕಿ ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಮೈಕಿನ ಕೇಬಲ್ ಕಿತ್ತುಬಂತು. ಡ್ರಮ್ಮರಿಗೆ ಗೊತ್ತೇ ಆಗಲಿಲ್ಲ, ಅವನು ಎರಡೂ ಕಾಲಿನಲ್ಲಿ ಬಾರಿಸುತ್ತಲೇ ಇದ್ದ. ರೆಕಾರ್ಡಿಂಗ್‌ನಲ್ಲಿ ಮಾತ್ರ ಒಂದೂವರೆ ನಿಮಿಷ ಕಿಕ್ ಇಲ್ಲ. ಮನೆಗೆ ಬಂದು ಬೇರೆ ಮೈಕುಗಳಲ್ಲಿ ಅಸ್ಪಷ್ಟವಾಗಿ ಬಿದ್ದಿದ್ದ ಅವನ ಪ್ರತಿ ಹೊಡೆತವನ್ನೂ ಹುಡುಕಿ, ಅದೇ ಜಾಗಕ್ಕೆ ಅವನದೇ ಎರಡನೇ ಹಾಡಿನ ಕಿಕ್ಕಿನ ಶಬ್ದ ಕೂರಿಸಿದೆ. ಎರಡು ರಾತ್ರಿ ಹಿಡಿಯಿತು. ಹೊಡೆದದ್ದು ಅವನೇ, ಹೊಡೆದ ಕ್ಷಣವೂ ಅದೇ. ಇದನ್ನು ನಾನು ಸುಳ್ಳು ಅನ್ನುವುದಿಲ್ಲ. ಅದೇ ಬ್ಯಾಂಡಿನ ಹಾಡುಗಾರ ಒಂದು ಸಾಲು ಮರೆತಿದ್ದ, ಅದನ್ನು ಮತ್ತೆ ಹಾಡಿ ಕೊಡುತ್ತೇನೆ ಅಂದ. ನಾನು ಬೇಡ ಅಂದೆ. ಮರೆತ ಸಾಲನ್ನು ಮುಂದಿನ ಹುಡುಗರೇ ಹಾಡಿ ತುಂಬಿಸಿದ್ದರು. ಅದು ಜನರ ಮೈಕಿನಲ್ಲಿ ಎಷ್ಟು ಚೆನ್ನಾಗಿ ಬಂದಿತ್ತು ಗೊತ್ತಾ? ನಾನು ಗೆರೆ ಎಳೆಯುವುದು ಅಲ್ಲಿ. ಬೇರೆ ಇಂಜಿನಿಯರುಗಳು ಬೇರೆ ಕಡೆ ಎಳೆಯುತ್ತಾರೆ.

ಇನ್ನೊಂದು ಮಾತು, ಲೈವ್ ಟ್ರ್ಯಾಕಿನಲ್ಲಿ ಕಳ್ಳತನ ಮಾಡುವುದು ಜನ ಅಂದುಕೊಂಡಷ್ಟು ಸುಲಭವಿಲ್ಲ. ವೇದಿಕೆಯಲ್ಲಿ ಎಲ್ಲ ಮೈಕಿನಲ್ಲೂ ಎಲ್ಲದರ ದನಿ ಸ್ವಲ್ಪ ಸ್ವಲ್ಪ ಸೋರಿರುತ್ತದೆ. ನಮ್ಮ ಕರ್ನಾಟಕ ಸಂಗೀತದ ಕಚೇರಿಯ ರೆಕಾರ್ಡಿಂಗ್‌ನಲ್ಲೂ ಹೀಗೇ. ಮುಂದಿನ ಸಾಲಿನ ಹಿರಿಯರು ‘ಭಲೇ’ ಅಂದದ್ದು ಪಿಟೀಲಿನ ಮೈಕಿನಲ್ಲಿ ಕೂತುಬಿಟ್ಟಿರುತ್ತದೆ, ಪಿಟೀಲಿಗೆ ಪೆಟ್ಟಾಗದ ಹಾಗೆ ಅದನ್ನು ತೆಗೆಯುವುದು ಬಲು ಕಷ್ಟ. ಮೆಟಲ್ ಶೋನಲ್ಲಿ ಹಾಡುಗಾರ ಡ್ರಮ್ಮಿನ ಮುಂದೆ ಓಡಿದರೆ ಸಿಂಬಲ್ ಪೂರ್ತಿ ಅವನ ಮೈಕಿನೊಳಗೆ. ಅವನ ಹಾಡನ್ನು ಕಿತ್ತು ಹೊಸದಾಗಿ ಹಾಡಿಸಿದರೆ ಸಿಂಬಲ್ಲಿನ ಬಣ್ಣ ಆ ಸಾಲಿನಲ್ಲಿ ಮಾತ್ರ ಬದಲಾಗುತ್ತದೆ. ಹಳೆಯ ಹಾಡಂತೂ ಜನರ ಮೈಕಿನಲ್ಲಿ ದೆವ್ವದ ಹಾಗೆ ಹಿಂದಿನಿಂದ ಕೇಳುತ್ತಲೇ ಇರುತ್ತದೆ.

ಆ ದೆವ್ವ ಹುಡುಕಲು ನಿಮ್ಮ ವಿಡಿಯೋ ಬೇಕು. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಕಂಪ್ಯೂಟರಿಗೆ ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿ. ಸಿ.ಡಿ.ಯ ‘ಏಸಸ್ ಹೈ’ ಒಂದು ಟ್ರ್ಯಾಕಿಗೆ, ನಿಮ್ಮ ವಿಡಿಯೋದ ಆಡಿಯೋ ಇನ್ನೊಂದು ಟ್ರ್ಯಾಕಿಗೆ ತನ್ನಿ. ಸಿ.ಡಿ.ಯದನ್ನು ಪೂರ್ತಿ ಬಲಗಿವಿಗೆ, ನಿಮ್ಮದನ್ನು ಪೂರ್ತಿ ಎಡಗಿವಿಗೆ ತಳ್ಳಿ. ಸ್ಪಷ್ಟವಾಗಿ ಕೇಳುವ ಒಂದೇ ಒಂದು ಸ್ನೇರ್ ಹೊಡೆತ ಹುಡುಕಿ, ಎರಡರಲ್ಲೂ ಅದು ಒಟ್ಟಿಗೆ ಬೀಳುವ ಹಾಗೆ ಸರಿಸಿ. ಈಗ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳಿ.

ಒಂದು ನಿಮಿಷ ಕಳೆದರೂ ಡ್ರಮ್ಮು ಎರಡು ಕಿವಿಯಲ್ಲೂ ಒಟ್ಟಿಗೆ ಬೀಳುತ್ತಿದ್ದರೆ, ನಿಮ್ಮ ಎದುರು ನುಡಿಸಿದ್ದೇ ಸಿ.ಡಿ.ಯಲ್ಲಿದೆ. ಮನುಷ್ಯರು ನುಡಿಸುವಾಗ ಲಯ ಕೂದಲೆಳೆಯಷ್ಟು ಏರುತ್ತದೆ, ಇಳಿಯುತ್ತದೆ. ಬೇರೆ ರಾತ್ರಿಯ ಹಾಡು ಒಂದು ನಿಮಿಷ ಬಿಡಿ, ನಾಲ್ಕು ಸಾಲು ದಾಟುವಷ್ಟರಲ್ಲಿ ಜಾರಿಬಿಡುತ್ತದೆ. ಅಗ್ಗದ ಕ್ಯಾಮೆರಾದ ಗಡಿಯಾರವೂ ಚೂರುಪಾರು ಹಿಂದುಮುಂದಾಗುತ್ತದೆ. ಆದರೆ ಅದು ಒಂದೇ ದಿಕ್ಕಿಗೆ ನಿಧಾನವಾಗಿ ಜಾರುತ್ತದೆ. ಹಾಗಾದರೆ ಮಧ್ಯದಲ್ಲಿ ಇನ್ನೊಮ್ಮೆ ಕೂರಿಸಿ ಮುಂದುವರಿಸಿ. ಆಮೇಲೆ ಹಾಡುಗಾರನ ಮೇಲೆ ಗಮನ ಇಡಿ. ಸಾಲು ಶುರುವಾಗುವ ಕ್ಷಣ, ಕೊನೆಯ ಅಕ್ಷರ ಎಷ್ಟು ಎಳೆದ, ಉಸಿರು ಎಲ್ಲಿ ತೆಗೆದ, ನಡುವೆ ಜನರಿಗೆ ಏನು ಕೂಗಿದ. ಡ್ರಮ್ಮು ಕೂಡುತ್ತಿದ್ದು ಹಾಡು ಮಾತ್ರ ಒಂದು ಕಿವಿಯಲ್ಲಿ ಮೊದಲು, ಇನ್ನೊಂದರಲ್ಲಿ ತಡವಾಗಿ ಮುಗಿಯುತ್ತಿದ್ದರೆ ಆ ಸಾಲನ್ನು ಮತ್ತೆ ಹಾಡಿದ್ದಾರೆ ಅಂತ ಅರ್ಥ. ತನ್ನದೇ ಹಾಡನ್ನು ಕೂದಲೂ ಕೊಂಕದ ಹಾಗೆ ಮತ್ತೆ ಹಾಡುವುದು ಎಂಥ ಗಾಯಕರಿಗೂ ಕಷ್ಟ. ಎರಡೂ ಕೂಡಿದರೆ ನಿಮ್ಮ ಗೆಳೆಯರನ್ನು ಮನೆಗೆ ಕರೆದು ಆ ಹೆಡ್‌ಫೋನ್ ಅವರ ಕಿವಿಗೆ ಹಾಕಿ.

ಸಿನಿಮಾ ಮತ್ತು ಸೌಂಡ್‌ಟ್ರ್ಯಾಕಿನ ವ್ಯತ್ಯಾಸವನ್ನು ನೀವು ಕೇಳಿಲ್ಲ, ಆದರೂ ಕೊಳ್ಳುವ ಮೊದಲು ತಿಳಿದಿರಲಿ. ಸ್ಯಾಮ್ ಡನ್ ಮತ್ತು ಸ್ಕಾಟ್ ಮೆಕ್‌ಫೇಡಿಯನ್ ಮಾಡಿದ ‘ಫ್ಲೈಟ್ 666’ 2009ರ ಏಪ್ರಿಲ್ 21ರಂದು ತೆರೆಗೆ ಬಂದ ಸಾಕ್ಷ್ಯಚಿತ್ರ. ವಿಮಾನ, ಹೋಟೆಲು, ಅಭಿಮಾನಿಗಳು, ಅದರ ನಡುವೆ ಹಾಡಿನ ತುಣುಕುಗಳು. ಬೊಗೊಟಾದಲ್ಲಿ ಶೋ ಮುಗಿದ ಮೇಲೆ ಒಬ್ಬ ಅಭಿಮಾನಿ ಕೈಗೆ ಸಿಕ್ಕ ಡ್ರಮ್ ಕಡ್ಡಿ ಹಿಡಿದು ಅಳುತ್ತಾ ನಿಂತಿದ್ದಾನೆ. ಆ ಮುಖ ನಾನು ಮರೆತಿಲ್ಲ. ಅದು ಸಿ.ಡಿ.ಯಲ್ಲಿ ಸಿಗುವುದಿಲ್ಲ. ಡಿ.ವಿ.ಡಿ. ಮತ್ತು ಬ್ಲೂ-ರೇಯಲ್ಲಿ ಸಾಕ್ಷ್ಯಚಿತ್ರ ಒಂದು ಡಿಸ್ಕ್, ಹದಿನಾರು ಹಾಡು ಪೂರ್ತಿಯಾಗಿ ಇನ್ನೊಂದು ಡಿಸ್ಕ್. ನಿಮ್ಮ ಸೌಂಡ್‌ಟ್ರ್ಯಾಕ್ ಈ ಎರಡನೇ ಡಿಸ್ಕಿನ ಜೋಡಿ.

ಚಿತ್ರ ಜೊತೆಗಿದ್ದಾಗ ಶಬ್ದಕ್ಕೆ ಬೇರೆ ಕಟ್ಟುಪಾಡು ಬರುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಒಂದು ಫ್ರೇಮ್ ಹೊತ್ತಿನಲ್ಲಿ ಶಬ್ದ 14 ಮೀಟರ್ ಹೋಗುತ್ತದೆ. ಮೈದಾನದ ಮಧ್ಯದ ಮೈಕಿನ ದನಿಯನ್ನು ಹಾಗೇ ಬಿಟ್ಟರೆ ಕಡ್ಡಿ ಡ್ರಮ್ಮಿಗೆ ಬಿದ್ದು ಮೂರು-ನಾಲ್ಕು ಫ್ರೇಮ್ ಆದ ಮೇಲೆ ಶಬ್ದ ಬರುತ್ತದೆ. ಅದಕ್ಕೇ ಅದನ್ನು ಮುಂದಕ್ಕೆ ಸರಿಸುತ್ತಾರೆ. ಮೆಟಾಲಿಕಾ ಬ್ಯಾಂಡಿನವರ ‘ಥ್ರೂ ದಿ ನೆವರ್’ ಸಿನಿಮಾದಲ್ಲಿ ದಾರಿಯೇ ಬೇರೆ. 2012ರ ಆಗಸ್ಟ್‌ನಲ್ಲಿ ಕೆನಡಾದ ವ್ಯಾಂಕೂವರ್ ಮತ್ತು ಎಡ್ಮಂಟನ್‌ನಲ್ಲಿ ಚಿತ್ರೀಕರಿಸಿದ ಹಲವು ಶೋಗಳ ವೇದಿಕೆ, ದೀಪ ಎಲ್ಲ ಒಂದೇ ಥರ. ಹಾಗಾಗಿ ಒಂದೇ ಹಾಡಿನೊಳಗೆ ಬೇರೆ ಬೇರೆ ರಾತ್ರಿಯ ದೃಶ್ಯ ಹೊಂದಿಸಲು ಅಲ್ಲಿ ಅವಕಾಶ ಇತ್ತು. ‘ಫ್ಲೈಟ್ 666’ರಲ್ಲಿ ಹಾಡಿಗೊಂದು ಊರು ಅಂತ ಬರೆದುಕೊಟ್ಟಿದ್ದಾರೆ. ಈ ಕಾರಣಕ್ಕೆ ಎರಡರಲ್ಲಿ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ಮೊಬೈಲಿನಲ್ಲಿ ಕೂಗು ಕತ್ತರಿಸಿ ಹೋಗುವುದು ಆಲ್ಬಮ್‌ನ ದೋಷವಲ್ಲ. ಎಂ.ಪಿ.3 ಕಡತಕ್ಕೆ ಹಾಡಿನ ತಲೆ ಮತ್ತು ಬಾಲದಲ್ಲಿ ಚೂರು ಮೌನ ಅಂಟಿಕೊಳ್ಳುತ್ತದೆ. ಸಾಮಾನ್ಯ ಹಾಡಿನಲ್ಲಿ ಗೊತ್ತಾಗುವುದಿಲ್ಲ. ಲೈವ್ ಆಲ್ಬಮ್‌ನಲ್ಲಿ ಕೂಗು ಒಂದು ಹಾಡಿನಿಂದ ಇನ್ನೊಂದಕ್ಕೆ ಹರಿಯುವ ಜಾಗದಲ್ಲಿ ಕಿವಿಗೆ ಚುಚ್ಚುತ್ತದೆ. ನಿಮ್ಮ ಆ್ಯಪ್‌ನಲ್ಲಿ ‘ಗ್ಯಾಪ್‌ಲೆಸ್’ ಅನ್ನುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ, ‘ಕ್ರಾಸ್‌ಫೇಡ್’ ಆಫ್ ಮಾಡಿ. ಸಿ.ಡಿ.ಯಿಂದ ನೀವೇ ಕಂಪ್ಯೂಟರಿಗೆ ಇಳಿಸುವುದಾದರೆ ಎಂ.ಪಿ.3 ಬೇಡ, ಫ್ಲ್ಯಾಕ್ ಆಯ್ದುಕೊಳ್ಳಿ. ಜಾಗ ಹೆಚ್ಚು ತಿನ್ನುತ್ತದೆ, ಆದರೆ ಒಂದು ಚೂರೂ ಕಳೆಯುವುದಿಲ್ಲ.

ಕೊನೆಗೆ ಎಲ್‌.ಪಿ. ಈ ಆಲ್ಬಮ್ ಒಟ್ಟು ನೂರು ನಿಮಿಷದ ಆಸುಪಾಸು ಇದೆ. ಎರಡು ಎಲ್‌.ಪಿ. ಅಂದರೆ ನಾಲ್ಕು ಮುಖ, ಮುಖಕ್ಕೆ 25 ನಿಮಿಷ. ಜೋರು ಸಂಗೀತಕ್ಕೆ ಮುಖಕ್ಕೆ 20-22 ನಿಮಿಷ ಇದ್ದರೆ ಗೀರುಗಳಿಗೆ ಒಳ್ಳೆಯ ಅಗಲ ಸಿಗುತ್ತದೆ. 25 ಆದರೆ ಗೀರು ಒತ್ತೊತ್ತಾಗಿ ಬರುತ್ತವೆ, ಶಬ್ದದ ಮಟ್ಟ ಇಳಿಸಬೇಕಾಗುತ್ತದೆ, ಬಾಸ್ ಸ್ವಲ್ಪ ತೆಳುವಾಗುತ್ತದೆ. ಮುಳ್ಳು ನಡುವಿನ ಲೇಬಲ್ಲಿನ ಹತ್ತಿರ ಬಂದಾಗ ಸಿಂಬಲ್ಲು ಸೀಳಿದ ಹಾಗೆ ಕೇಳುತ್ತದೆ. ಹದಿಮೂರು ನಿಮಿಷದ ‘ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್’ ಮಧ್ಯದಲ್ಲಿ ತೀರಾ ಮೆಲ್ಲಗಾಗುತ್ತದೆ ಅಲ್ವಾ? ಅಲ್ಲಿ ತಟ್ಟೆಯ ಚಿಟಿಚಿಟಿ ಶಬ್ದ ಚೆನ್ನಾಗಿಯೇ ಕೇಳಿಸುತ್ತದೆ. 2009ರಲ್ಲಿ ಚಿತ್ರ ಮುದ್ರಿಸಿದ ಪಿಕ್ಚರ್ ಡಿಸ್ಕ್ ಬಂದಿತ್ತು. ನೋಡಲು ಬಲು ಚಂದ, ಆದರೆ ಆ ಜಾತಿಯ ತಟ್ಟೆಗಳಲ್ಲಿ ಸಾಮಾನ್ಯವಾಗಿ ಗದ್ದಲ ಜಾಸ್ತಿ. ದೊಡ್ಡ ಕವರ್ ಕೈಯಲ್ಲಿ ಹಿಡಿದು, ಎದ್ದು ಹೋಗಿ ಮುಖ ತಿರುಗಿಸಿ ಕೇಳುವ ಸುಖ ಬೇಕಾದರೆ ಖಂಡಿತ ತಗೊಳ್ಳಿ. ಸಿ.ಡಿ.ಗಿಂತ ಒಳ್ಳೆಯ ದನಿ ಸಿಗುತ್ತದೆ ಅಂತ ತಗೊಳ್ಳಬೇಡಿ.

ಅದೇ ದುಡ್ಡಿಗೆ ಬ್ಲೂ-ರೇ ಸಿಕ್ಕರೆ ನಾನಾದರೆ ಅದನ್ನೇ ತಗೊಳ್ಳುತ್ತೇನೆ. ಜನರ ಕೂಗು ಹಿಂದಿನ ಸ್ಪೀಕರಿನಿಂದ ಬರುವಾಗ ಮೈದಾನದಲ್ಲಿ ನಿಂತ ನೆನಪು ಹತ್ತಿರ ಬರುತ್ತದೆ. ಒಂದು ಎಚ್ಚರಿಕೆ: ಮನೆಯಲ್ಲಿ ಎರಡೇ ಸ್ಪೀಕರ್ ಇದ್ದು 5.1 (ಸುತ್ತಲೂ ಆರು ಸ್ಪೀಕರಿಗಾಗಿ ಮಾಡಿದ ಆಡಿಯೋ) ಹಾಕಿದರೆ ಕೆಲವು ಟಿ.ವಿ.ಗಳಲ್ಲಿ ಹಾಡುಗಾರನ ದನಿ ಕುಗ್ಗಿಬಿಡುತ್ತದೆ. ಆಗ ಡಿಸ್ಕಿನ ಮೆನುವಿಗೆ ಹೋಗಿ ಸ್ಟೀರಿಯೊ ಆಯ್ದುಕೊಳ್ಳಿ, ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ. ಸ್ಟ್ರೀಮಿಂಗ್ ಆ್ಯಪ್‌ಗಳು ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಸಿ.ಡಿ.ಯ ಜೊತೆ ಹೋಲಿಸುವಾಗ ಆ ಸೆಟ್ಟಿಂಗ್ ಆಫ್ ಮಾಡಿ, ಎರಡರ ಜೋರನ್ನೂ ನೀವೇ ಸಮ ಮಾಡಿಕೊಳ್ಳಿ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅಂತ ಕಿವಿ ಮೋಸ ಮಾಡುತ್ತದೆ.

ಪರೀಕ್ಷೆಗೆ ಕೂರುವ ಮೊದಲು ಒಂದು ಕೆಲಸ ಮಾಡಿ. ಇಷ್ಟು ವರ್ಷ ಡ್ರಾಯರಿನಲ್ಲಿ ಬಿದ್ದಿದ್ದ ಮೆಮೊರಿ ಕಾರ್ಡ್ ಯಾವಾಗ ಬೇಕಾದರೂ ಕೈಕೊಡಬಹುದು. ಅದರ ಮೇಲೆ ಏನನ್ನೂ ಬರೆಯಬೇಡಿ, ಕ್ಯಾಮೆರಾಕ್ಕೆ ಮತ್ತೆ ಹಾಕಬೇಡಿ. ಇವತ್ತೇ ಒಂದು ಕಾರ್ಡ್ ರೀಡರ್ ತಂದು ವಿಡಿಯೋವನ್ನು ಕಂಪ್ಯೂಟರಿಗೆ ಒಂದು, ಬೇರೆ ಮನೆಯಲ್ಲಿರುವ ಪೆನ್‌ಡ್ರೈವಿಗೆ ಇನ್ನೊಂದು ಕಾಪಿ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸಿ ಅದನ್ನೇ ಇಟ್ಟುಕೊಳ್ಳಬೇಡಿ, ಅದು ದನಿಯನ್ನು ಇನ್ನಷ್ಟು ಹಿಂಡುತ್ತದೆ. ಎರಡು ಕಿವಿಯ ಪರೀಕ್ಷೆ ಮುಗಿದ ಮೇಲೆ ಏನು ಕೇಳಿಸಿತು ಅಂತ ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.